ಚೈನ್ ಮಿಷನ್ನಿಗೆ ಎರಡು ಬೀಗ

ನಮ್ಮ ಆಫೀಸಿನಲ್ಲಿ ಯಾರ ಶಿಫಾರಸಿಗೂ ಬಗ್ಗದೆ ಇದ್ದದ್ದು ಒಂದೇ ಒಂದು, ಅದು ಕಂಪೈಲರ್. ನಾನು ಬರೆದ ಪ್ರೋಗ್ರಾಮನ್ನು ಓದಿ, ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ತಯಾರು ಮಾಡಿಕೊಡುವುದು ಅದರ ಕೆಲಸ. ತಪ್ಪಿದ್ದರೆ ತಯಾರು ಮಾಡುವುದಿಲ್ಲ. ಎಷ್ಟನೇ ಸಾಲಿನಲ್ಲಿ ಏನು ತಪ್ಪು ಎಂದು ಕೆಂಪು ಅಕ್ಷರದಲ್ಲಿ ಹೇಳಿ ಸುಮ್ಮನೆ ಕೂತುಬಿಡುತ್ತದೆ. ನಮ್ಮ ಯಜಮಾನರಾದ ಚಿದಾನಂದಪ್ಪನವರಿಗೆ ಇದು ಒಂಚೂರೂ ಹಿಡಿಸುತ್ತಿರಲಿಲ್ಲ. ಬಳ್ಳಾರಿಯಲ್ಲೇ ಹುಟ್ಟಿ ಬೆಳೆದ ಅವರು ಐವತ್ತೆಂಟು ವರ್ಷದಲ್ಲಿ ಯಾವ ಕೆಲಸವನ್ನೂ ಯಾರಿಂದಲಾದರೂ ಹೇಳಿಸದೆ ಮಾಡಿಸಿಕೊಂಡವರಲ್ಲ. ಮನೆಗೆ ಗ್ಯಾಸ್ ಸಿಲಿಂಡರ್ ಬರಬೇಕಾದರೂ ಒಬ್ಬರಿಂದ ಫೋನ್ ಮಾಡಿಸುವವರು.

"ಈ ಕಂಪೈಲರ್ ಯಾರ ಮಾತು ಕೇಳ್ತೈತಿ?" ಎಂದು ಒಂದು ದಿನ ನನ್ನ ಬೆನ್ನ ಹಿಂದೆ ನಿಂತು ಕೇಳಿದರು.

"ಯಾರ ಮಾತೂ ಕೇಳಂಗಿಲ್ಲ ಸರ್."

"ಹಂಗಂದ್ರ ಹೆಂಗವ್ವ? ಮ್ಯಾಲೆ ಯಾರರ ಇರಬೇಕಲ್ಲ."

"ಮ್ಯಾಲೆ ಯಾರೂ ಇಲ್ಲ ಸರ್."

ಅವರು ನನ್ನನ್ನು ಕನಿಕರದಿಂದ ನೋಡಿದರು. ಯಶೋಧರಾ ಎಂಬ ಈ ಹುಡುಗಿಗೆ ಇಪ್ಪತ್ತೇಳು ವರ್ಷವಾದರೂ ಲೋಕಜ್ಞಾನ ಬಂದಿಲ್ಲ ಎಂಬುದು ಆ ನೋಟದ ಅರ್ಥ.

ಆಫೀಸು ಎಂದರೆ ಪಾರ್ವತಿನಗರದಲ್ಲಿ ಒಂದು ಹಲ್ಲಿನ ಆಸ್ಪತ್ರೆಯ ಮೇಲಿನ ಎರಡು ಕೋಣೆ. ಹೊರಗಿನ ಬೋರ್ಡಿನಲ್ಲಿ 'ಗ್ಲೋಬಲ್' ಎಂಬ ಮಾತಿದೆ. ಒಳಗೆ ಇರುವುದು ನಾನು ಮತ್ತು ಚಿದಾನಂದಪ್ಪನವರು, ಜೊತೆಗೆ ಕೆಟ್ಟು ಕೂತ ಒಂದು ಪ್ರಿಂಟರು. ಈ ಕೆಲಸ ನಮಗೆ ಸಿಕ್ಕಿದ್ದೂ ಕೆಳಗಿನ ಹಲ್ಲಿನ ಆಸ್ಪತ್ರೆಯ ದೆಸೆಯಿಂದ. ಅದನ್ನು ಹೇಳಬೇಕಾದರೆ ಮೊದಲು ಪ್ರಭುಲಿಂಗ ಧಣಿಗಳ ವಿಷಯ ಹೇಳಬೇಕು.

ಧಣಿಗಳ ಹತ್ತಿರ ಭತ್ತ ಕೊಯ್ಯುವ ಮಿಷನ್ನುಗಳು ಆರಿವೆ. ಐದಕ್ಕೆ ರಬ್ಬರ್ ಟೈರು, ಒಂದಕ್ಕೆ ಮಾತ್ರ ಯುದ್ಧದ ಟ್ಯಾಂಕಿನಂತೆ ಚೈನು. ತುಂಗಭದ್ರೆಯ ದಡದ ಕೆಸರು ಗದ್ದೆಗೆ ಇಳಿಯಬಲ್ಲದ್ದು ಆ ಚೈನ್ ಮಿಷನ್ನು ಒಂದೇ. ಅದನ್ನು ಹೂತುಕೊಳ್ಳದ ಹಾಗೆ ಓಡಿಸಬಲ್ಲ ಡ್ರೈವರ್ ಕೂಡ ಒಬ್ಬನೇ, ಅಂಜಿನಪ್ಪ. ಬುಕ್ಕಿಂಗ್ ಮಾತ್ರ ಮೂರು ಕಡೆ. ಇಲ್ಲೇ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಧಣಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ, ಸಿರುಗುಪ್ಪದಲ್ಲಿ ದುರ್ಗೇಶ ಎಂಬ ಗುಮಾಸ್ತ, ಕುರುಗೋಡಿನಲ್ಲಿ ಜಂಬಣ್ಣ ಎಂಬ ಹಿರಿಯ ಗುಮಾಸ್ತರು. ಹೋದ ವರ್ಷದ ಕೊಯ್ಲಿನಲ್ಲಿ ಇವರು ಯಾವುದೋ ಹಳೆಯ ಪ್ರೋಗ್ರಾಮನ್ನು ಇಟ್ಟುಕೊಂಡಿದ್ದರು. ಎರಡು ಊರಿನವರು ಒಂದೇ ಗಳಿಗೆಯಲ್ಲಿ ಗುಂಡಿ ಒತ್ತಿದಾಗ ಅದು ಇಬ್ಬರಿಗೂ ಚೈನ್ ಮಿಷನ್ನು ಖಾಲಿ ಇದೆ ಎಂದು ತೋರಿಸಿ, ಇಬ್ಬರಿಗೂ ಕೊಟ್ಟುಬಿಟ್ಟಿತು. ಎರಡು ಗದ್ದೆಯವರು ನಡುರಸ್ತೆಯಲ್ಲಿ ಮಿಷನ್ನಿಗೆ ಅಡ್ಡ ನಿಂತು ಹೊಡೆದಾಡಿದರು. ಒಬ್ಬನ ಮುಂದಿನ ಹಲ್ಲು ಎರಡು ಹೋದವು. ಅವನನ್ನು ಕರೆದುಕೊಂಡು ಧಣಿಗಳು ನಮ್ಮ ಕೆಳಗಿನ ಆಸ್ಪತ್ರೆಗೆ ಬಂದರು. ಹೊರಗೆ ಕಾಯುತ್ತ ನಿಂತಾಗ ಮೇಲಿನ ಬೋರ್ಡು ಅವರ ಕಣ್ಣಿಗೆ ಬಿತ್ತು.

ಹೀಗೆ ಕೆಲಸ ನನ್ನ ಮೇಜಿಗೆ ಬಂತು. ಇಂಥ ಪ್ರೋಗ್ರಾಮಿನೊಳಗೆ ಒಂದೇ ಹೊತ್ತಿಗೆ ಮೂರು ಕೈ ಕೆಲಸ ಮಾಡುತ್ತಿರುತ್ತವೆ, ಊರಿಗೆ ಒಂದರಂತೆ. ಅವಕ್ಕೆ ಥ್ರೆಡ್ ಎನ್ನುತ್ತೇವೆ. ಮೂರೂ ಕೈ ಒಂದೇ ಪಟ್ಟಿಯನ್ನು ಮುಟ್ಟುತ್ತವೆ, ತಂಟೆ ಹುಟ್ಟುವುದು ಅಲ್ಲೇ. ಅದಕ್ಕೆ ನಾನು ರಸ್ಟ್ ಎಂಬ ಭಾಷೆಯನ್ನು ಆರಿಸಿಕೊಂಡೆ. ಅದರ ಕಂಪೈಲರ್ ಹಂಚಿಕೊಳ್ಳುವ ವಿಷಯದಲ್ಲಿ ಬಲು ಖಡಕ್ಕು. ಮೂರು ಕೈ ಒಂದು ಪಟ್ಟಿಯನ್ನು ಹಂಚಿಕೊಳ್ಳಬೇಕಾದರೆ ಪಟ್ಟಿಗೆ ಬೀಗ ಇರಲೇಬೇಕು. ಒಬ್ಬರು ಬೀಗ ಹಾಕಿಕೊಂಡು ಬರೆಯಬೇಕು, ಬರೆದು ಬಿಡಬೇಕು, ಅಲ್ಲಿಯವರೆಗೆ ಮಿಕ್ಕವರು ಕಾಯಬೇಕು. ಬೀಗವಿಲ್ಲದೆ ಎರಡು ಕೈ ಒಳಗೆ ಹೋಗುವ ದಾರಿ ಎಲ್ಲಿಯಾದರೂ ಉಳಿದಿದ್ದರೆ ಅದು ಪ್ರೋಗ್ರಾಮನ್ನು ಹುಟ್ಟಗೊಡುವುದೇ ಇಲ್ಲ.

ಇದನ್ನು ಚಿದಾನಂದಪ್ಪನವರಿಗೆ ತಿಳಿಸಲು ಎರಡು ದಿನ ಹೆಣಗಿದೆ. ಮೂರನೇ ದಿನ ಬುದ್ಧಿ ಬಂತು.

"ಸಿರುಗುಪ್ಪ ಬಸ್ಸಿನ ಕಿಟಕ್ಯಾಗ ಟವೆಲ್ ಒಗಿತೀವಲ್ಲ ಸರ್, ಹಂಗ."

ಅವರ ಮುಖ ಅರಳಿತು. ನಮ್ಮ ಕಡೆ ಕೋರ್ಟಿನ ಆರ್ಡರನ್ನು ಮೀರುವವರಿದ್ದಾರೆ, ಸೀಟಿನ ಮೇಲೆ ಬಿದ್ದ ಟವೆಲ್ಲನ್ನು ಸರಿಸಿ ಕೂರುವ ಗಂಡಸು ಇನ್ನೂ ಹುಟ್ಟಿಲ್ಲ. ಆದರೆ ಅರ್ಥವಾದ ಕೂಡಲೇ ಅವರಿಗೆ ಇನ್ನೊಂದು ಹೊಳೆಯಿತು.

"ಧಣೇರಿಗೆ ಟವೆಲ್ ಯಾಕವ್ವ? ಮಿಷನ್ ಅವರದ. ಅವರಿಗೊಂದು ಬ್ಯಾರೆ ಬಾಗಲ ಇಡು. ಅವರು ಯಾವಾಗ ಬೇಕಾದ್ರೂ ಒಳಗ ಬಂದು ಯಾರ ಹೆಸರು ಬೇಕಾದ್ರೂ ಬರಿಬೇಕು."

"ಕಂಪೈಲರ್ ಬಿಡಂಗಿಲ್ಲ ಸರ್."

ಮಾರನೇ ದಿನ ಫೋನು ಹಿಡಿದುಕೊಂಡು ಗೆದ್ದವರಂತೆ ಬಂದರು. ಯಾರ ಮೂಲಕವೋ ಯಾರನ್ನೋ ಕೇಳಿಸಿದ್ದರು. "ಅನ್‌ಸೇಫ್ ಅಂತ ಒಂದು ಶಬ್ದ ಐತಂತಲ್ಲ. ಅದನ್ನ ಬರದ್ರ ಕಂಪೈಲರ್ ಬಾಯಿ ಮುಚ್ಚತೈತಂತ!"

ಅಂಥದೊಂದು ಇರುವುದು ನಿಜವೇ. ನಿನ್ನ ಹೊಣೆ ನಿನ್ನದು ಎಂದು ಕಂಪೈಲರ್ ಪಕ್ಕಕ್ಕೆ ಸರಿಯುವ ಜಾಗ ಅದು.

"ಬಾಯಿ ಮುಚ್ಚತೈತಿ ಸರ್. ಆದ್ರ ಮತ್ತ ಹಲ್ಲು ಮುರೀತಾವ," ಎಂದೆ.

ಅವರು ಕೆಳಗಿನ ಆಸ್ಪತ್ರೆಯ ಕಡೆ ಒಮ್ಮೆ ನೋಡಿ ತಮ್ಮ ಕೋಣೆಗೆ ನಡೆದರು. ಧಣಿಗಳ ಬಾಗಿಲು ಅಲ್ಲಿಗೆ ಮುಚ್ಚಿತು.

ನಾನು ಅಷ್ಟು ಹಟ ಹಿಡಿದದ್ದಕ್ಕೆ ಕಾರಣವಿತ್ತು, ಅದನ್ನು ಆಫೀಸಿನಲ್ಲಿ ಹೇಳಿರಲಿಲ್ಲ. ನನ್ನ ಊರು ರಾರಾವಿ. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ನಾನು ಹುಟ್ಟಿದ್ದರಿಂದ ಯಶೋಧರಾ ಆದೆ. ಅವ್ವ ಮಾತ್ರ ಗ್ರಾಮದೇವತೆಯ ಹೆಸರು ಬಿಡದೆ ಊರಮ್ಮನಾಗಿಯೇ ಉಳಿದಳು. ಅಪ್ಪ ಹೋದ ಮೇಲೆ ಎರಡು ಎಕರೆ ಗದ್ದೆಯನ್ನು ಅವಳೇ ಮಾಡುತ್ತಾಳೆ, ನನಗಿಂತ ಗಟ್ಟಿ ಇದ್ದಾಳೆ. ಗದ್ದೆ ಕಾಲುವೆಯ ತುದಿಯಲ್ಲಿ, ನಮ್ಮ ಕೇರಿಯವರ ಗದ್ದೆಗಳ ನಡುವೆ ಇದೆ. ಅಲ್ಲಿಗೆ ಚೈನ್ ಮಿಷನ್ನು ಬರುವುದು ಯಾವಾಗಲೂ ಕಟ್ಟಕಡೆಗೆ. ಮೊದಲು ದೊಡ್ಡವರದು ಮುಗಿಯಬೇಕು, ಆಮೇಲೆ ದೊಡ್ಡವರ ಬೀಗರದು, ಆಮೇಲೆ ಆ ಬೀಗರ ಗುರುತಿನವರದು. ಎರಡು ವರ್ಷದ ಕೆಳಗೆ ಹಾಗೆ ಕಾಯುತ್ತಿದ್ದಾಗ ಮಳೆ ಹಿಡಿದು, ಮಲಗಿದ ಭತ್ತ ತೆನೆಯಲ್ಲೇ ಮೊಳಕೆ ಒಡೆದಿತ್ತು. ಅವ್ವ ಆ ಮೊಳಕೆಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಆಗ ಬಂದ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಈ ಸಲ ಬುಧವಾರ ಬೆಳಗ್ಗೆ ಏಳು ಗಂಟೆಗೆ ಅವ್ವ ತಾನೇ ಸಿರುಗುಪ್ಪಕ್ಕೆ ಫೋನ್ ಮಾಡಿದಳು. ನಾನು ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಪ್ರೋಗ್ರಾಮು ಅವಳಿಗೆ ಗುರುವಾರದ ನಾಲ್ಕನೇ ಪಾಳಿ ಕೊಟ್ಟು ಮೆಸೇಜು ಕಳಿಸಿತು. ಗುರುವಾರ ಚೈನ್ ಮಿಷನ್ನು ಕೊಯ್ಯಬಲ್ಲದ್ದು ನಾಲ್ಕೇ ಗದ್ದೆ. ಶುಕ್ರವಾರ ಮಳೆ ಎಂದು ಹವಾಮಾನದವರು ಹೇಳಿದ್ದರು. ನಾಲ್ಕನೇ ಪಾಳಿ ಐದನೆಯದಾದರೆ ಭತ್ತ ನೀರಿಗೆ. ಅವ್ವ ಆ ಮೆಸೇಜನ್ನು ಕೇರಿಗೆಲ್ಲ ತೋರಿಸಿಕೊಂಡು ಬಂದಿದ್ದಳು.

ನಾನು ಆರಾಮಾಗಿ ಇದ್ದೆ. ಕಂಪೈಲರ್ ಒಪ್ಪಿದ ಪ್ರೋಗ್ರಾಮು, ಯಾರದೂ ಬಾಗಿಲಿಲ್ಲ. ಆದರೆ ಕಂಪೈಲರಿಗೆ ಸಿರುಗುಪ್ಪವೂ ಗೊತ್ತಿಲ್ಲ, ಕುರುಗೋಡೂ ಗೊತ್ತಿಲ್ಲ. ಅದನ್ನು ನಾನು ಮರೆತಿದ್ದೆ.

ಪ್ರೋಗ್ರಾಮು ಬರೆಯುವ ಮೊದಲು ನಿಮ್ಮ ಪದ್ಧತಿ ಹೇಗೆ ಎಂದು ಎರಡೂ ಊರಿಗೆ ಹೋಗಿ ಕೇಳಿಕೊಂಡು ಬಂದಿದ್ದೆ. ಸಿರುಗುಪ್ಪದವರು ಮೊದಲು ಮಿಷನ್ನಿನ ಕೀಲಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. "ಕೀಲಿ ನಮ್ಮತ್ರ ಇದ್ರ ಡ್ರೈವರ್ ಎಲ್ಲಿಗ್ಹೋಗ್ತಾನಕ್ಕ, ಹಿಂದ ಬರ್ತಾನ," ಎಂದಿದ್ದ ದುರ್ಗೇಶ. ಕುರುಗೋಡಿನಲ್ಲಿ ಇದು ಉಲ್ಟಾ. ಅವರು ಮೊದಲು ಡ್ರೈವರನ್ನು ಮನೆಗೆ ಕರೆದು ಊಟಕ್ಕೆ ಕೂರಿಸುತ್ತಾರೆ. "ಉಂಡ ಮನುಷ್ಯಾ ಬಿಟ್ಟು ಹೋಗಂಗಿಲ್ಲವ್ವ. ಮಿಷನ್ ಆಮೇಲೆ," ಎಂದಿದ್ದರು ಜಂಬಣ್ಣ. ನಾನು ಎರಡನ್ನೂ ಶ್ರದ್ಧೆಯಿಂದ ಬರೆದುಕೊಂಡು ಬಂದೆ. ಮಿಷನ್ನುಗಳ ಪಟ್ಟಿಗೆ ಒಂದು ಬೀಗ, ಡ್ರೈವರುಗಳ ಪಟ್ಟಿಗೆ ಇನ್ನೊಂದು ಬೀಗ. ಸಿರುಗುಪ್ಪದ ಕೈ ಮೊದಲು ಮಿಷನ್ನಿನ ಬೀಗ ಹಾಕಿಕೊಳ್ಳುತ್ತದೆ, ಕುರುಗೋಡಿನ ಕೈ ಮೊದಲು ಡ್ರೈವರಿನದು. ಎರಡೂ ಸಿಕ್ಕ ಮೇಲೆ ಬುಕ್ಕಿಂಗ್ ಖಾಯಂ ಆಗಿ ಎರಡೂ ಬೀಗ ಬಿಡುತ್ತವೆ. ಊರಿನ ಪದ್ಧತಿಗೆ ಎಷ್ಟು ಮರ್ಯಾದೆ ಕೊಟ್ಟೆ ಎಂದು ನನಗೆ ಹೆಮ್ಮೆಯಾಗಿತ್ತು. ಕಂಪೈಲರ್ ಚಕಾರ ಎತ್ತಿರಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ದುರ್ಗೇಶ ಮುಂದಿನ ವಾರದ ಒಂದು ಬುಕ್ಕಿಂಗಿಗೆ ಚೈನ್ ಮಿಷನ್ನನ್ನು ಹಿಡಿದ. ಅದೇ ಗಳಿಗೆಯಲ್ಲಿ ಜಂಬಣ್ಣ ಇನ್ನೊಂದು ಬುಕ್ಕಿಂಗಿಗೆ ಅಂಜಿನಪ್ಪನನ್ನು ಹಿಡಿದರು. ಈಗ ದುರ್ಗೇಶನಿಗೆ ಅಂಜಿನಪ್ಪ ಬೇಕು, ಅವನು ಜಂಬಣ್ಣನ ಕೈಯಲ್ಲಿದ್ದಾನೆ. ಜಂಬಣ್ಣನಿಗೆ ಮಿಷನ್ನು ಬೇಕು, ಅದು ದುರ್ಗೇಶನ ಕೈಯಲ್ಲಿದೆ. ಒಬ್ಬರು ಬಿಡುವ ತನಕ ಇನ್ನೊಬ್ಬರು ಕಾಯುತ್ತಾರೆ, ಇಬ್ಬರೂ ಕಾಯುತ್ತಾರೆ, ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ. ಬೀಗ ಇಡೀ ಪಟ್ಟಿಗೆ ಇದ್ದುದರಿಂದ ಬ್ರೂಸ್‌ಪೇಟೆಯದೂ ನಿಂತಿತು. ಬೆಳಗಿನ ಗದ್ದೆ ಮುಗಿಸಿದ ಮಿಷನ್ನುಗಳು ಮುಂದೆ ಎಲ್ಲಿಗೆ ಎಂದು ತಿಳಿಯದೆ ರಸ್ತೆ ಬದಿಯಲ್ಲಿ ಸಾಲಾಗಿ ನಿಂತವು. ಇದನ್ನು ಹಿಡಿಯುವ ಶಕ್ತಿ ಕಂಪೈಲರಿಗೆ ಇಲ್ಲ. ಎರಡು ಕೈ ಒಂದರ ಮೇಲೆ ಒಂದು ಬೀಳುವುದನ್ನು ಅದು ತಡೆಯುತ್ತದೆ. ಎರಡು ಊರಿನವರು ಒಬ್ಬರಿಗೊಬ್ಬರು ಕಾಯುತ್ತ ಕೂತರೆ ಅದೇನು ಮಾಡೀತು?

ಅಷ್ಟಾದರೂ ಗಾಬರಿ ಬೀಳಬೇಕಾದ್ದೇನಿರಲಿಲ್ಲ. ಇಬ್ಬರ ಪರದೆಯಲ್ಲೂ 'ಬಿಡು' ಎಂಬ ಗುಂಡಿ ಇಟ್ಟಿದ್ದೆ. ಒಬ್ಬರು ಒತ್ತಿದರೆ ಸಾಕಿತ್ತು.

"ದುರ್ಗೇಶ, ಬಿಡು ಒತ್ತಪ್ಪ."

"ನಾ ಯಾಕ ಬಿಡ್ಲಕ್ಕ? ನಾ ಮೊದ್ಲ ಹಿಡದೀನಿ. ಅವರು ಬಿಡ್ಲಿ."

"ಜಂಬಣ್ಣ, ನೀವರ ಒತ್ರಿ."

"ಯವ್ವಾ, ಸಿರುಗುಪ್ಪದೋರ ಮುಂದ ಕುರುಗೋಡು ಬಿಟ್ಟುಕೊಡ್ತು ಅಂತ ನಾಳೆ ಮಾತು ಬರಬಾರದು. ನಾ ಒಬ್ಬನ ಆಗಿದ್ರ ಬಿಡ್ತಿದ್ದೆ. ಇದು ಊರಿನ ಪ್ರಶ್ನಿ."

ಚಿದಾನಂದಪ್ಪನವರು ಪಂಚಾಯ್ತಿಗೆ ಇಳಿದರು. ಇಬ್ಬರನ್ನೂ ಒಂದೇ ಫೋನಿಗೆ ಸೇರಿಸಿ, ಯಾರಿಗೂ ಸೋಲಾಗದ ಹಾಗೆ ಒಂದು ಉಪಾಯ ಹೇಳಿದರು. ಅವರು ಒಂದು, ಎರಡು, ಮೂರು ಎನ್ನುತ್ತಾರೆ. ಮೂರು ಎಂದಾಗ ಇಬ್ಬರೂ ಒಟ್ಟಿಗೆ ಒತ್ತಬೇಕು. ಇಬ್ಬರೂ ಒಪ್ಪಿದರು. ಚಿದಾನಂದಪ್ಪನವರು ಗಂಟಲು ಸರಿ ಮಾಡಿಕೊಂಡು ಎಣಿಸಿದರು. ಮೂರಾಯಿತು. ಚಕ್ರ ತಿರುಗುತ್ತಲೇ ಇತ್ತು.

"ಅವರು ಒತ್ತಂಗಿಲ್ಲ ಅಂತ ನನಗ ಗೊತ್ತಿತ್ತು," ಎಂದ ದುರ್ಗೇಶ.

"ಗೊತ್ತಿತ್ತು ಅಂದ್ರ ನೀನೂ ಒತ್ತಿಲ್ಲ ಅಂತಾತು!" ಎಂದರು ಜಂಬಣ್ಣ.

ಆಮೇಲೆ ಇಬ್ಬರೂ ಹತ್ತು ನಿಮಿಷ ತೆಲುಗಿನಲ್ಲಿ ಬೈದಾಡಿಕೊಂಡರು. ಮನೆಯ ಮಾತಾದ ಕನ್ನಡದಲ್ಲಿ ಬೈದರೆ ಮನಸ್ಸಿಗೆ ನಾಟುತ್ತದೆ ಎಂಬಷ್ಟು ದಾಕ್ಷಿಣ್ಯ ಇಬ್ಬರಿಗೂ ಇತ್ತು.

ಎರಡೂವರೆಗೆ ಧಣಿಗಳ ಫೋನು ಬಂತು. "ಆರು ಮಿಷನ್ ನಿಂತಾವ. ಚಿದಾನಂದಪ್ಪ, ನಿನ್ನ ಕಂಪ್ಯೂಟರಿಗೆ ಏನು ಬಡಕೊಂಡೈತಿ?" ಇನ್ನು ಉಳಿದದ್ದು ಒಂದೇ ದಾರಿ. ನಾನು ಪ್ರೋಗ್ರಾಮನ್ನೇ ಕೊಂದೆ. ಅದರ ಜೊತೆಗೆ ಅವತ್ತು ಬೆಳಗ್ಗಿನಿಂದ ಬುಕ್ಕಾದ ಗುರುವಾರದ ಪಟ್ಟಿಯೂ ಹೋಯಿತು. ಪಟ್ಟಿ ಡಿಸ್ಕಿಗೆ ಇಳಿದು ಭದ್ರವಾಗುತ್ತಿದ್ದದ್ದು ಸಂಜೆ ಆರಕ್ಕೆ ಒಂದೇ ಸಲ. ಗಳಿಗೆಗೊಂದು ಸಲ ಇಳಿಸೋಣ ಎಂದು ನಾನು ಹೇಳಿದ್ದಾಗ ಚಿದಾನಂದಪ್ಪನವರು "ಅದು ಎರಡನೇ ಹಂತದಾಗ" ಎಂದಿದ್ದರು. ಎರಡನೇ ಹಂತ ಯಾವಾಗ ಎಂದು ಅವರಿಗೂ ಗೊತ್ತಿರಲಿಲ್ಲ.

ತಪ್ಪನ್ನು ತಿದ್ದಲು ಇಪ್ಪತ್ತು ನಿಮಿಷ ಸಾಕಾಯಿತು. ಎಲ್ಲ ಊರಿನವರೂ ಬೀಗಗಳನ್ನು ಒಂದೇ ಕ್ರಮದಲ್ಲಿ ಹಾಕಿಕೊಂಡರೆ ಈ ತಂಟೆ ಬರುವುದೇ ಇಲ್ಲ, ಮೊದಲು ಮಿಷನ್ನು, ಆಮೇಲೆ ಡ್ರೈವರು. ಆದರೆ ಕುರುಗೋಡಿಗೆ ಹೋಗಿ ನೀವು ಇನ್ನು ಮೇಲೆ ಸಿರುಗುಪ್ಪದ ಪದ್ಧತಿ ಹಿಡಿಯಿರಿ ಎನ್ನುವ ಧೈರ್ಯ ಯಾರಿಗಿದೆ? ನಾನು ಪರದೆಯನ್ನು ಮುಟ್ಟಲಿಲ್ಲ. ಕುರುಗೋಡಿನ ಪರದೆ ಈಗಲೂ ಮೊದಲು ಡ್ರೈವರನ್ನೇ ಕೇಳುತ್ತದೆ. ಕೇಳಿ ಸುಮ್ಮನಿದ್ದು, ಕೊನೆಯ ಗುಂಡಿ ಒತ್ತಿದಾಗ ಒಳಗೊಳಗೇ ಮೊದಲು ಮಿಷನ್ನಿನ ಬೀಗ ಹಾಕಿಕೊಳ್ಳುತ್ತದೆ.

"ನಮ್ಮ ಪದ್ಧತಿ ಹಂಗ ಐತಿಲ್ಲವ್ವ?" ಎಂದು ಜಂಬಣ್ಣ ಫೋನಿನಲ್ಲಿ ಕೇಳಿದರು.

"ಹಂಗ ಐತಿ ಜಂಬಣ್ಣ. ನೋಡ್ರಿ, ಡ್ರೈವರ್ ಮೊದಲ."

"ಹಂಗಾರ ಸರಿ."

ಇನ್ನು ಪಟ್ಟಿಯನ್ನು ಮತ್ತೆ ತುಂಬಬೇಕಿತ್ತು. ಬುಕ್ ಮಾಡಿದವರ ಫೋನಿನಲ್ಲಿ ಪಾಳಿಯ ಮೆಸೇಜು ಇದ್ದೇ ಇತ್ತು. ದುರ್ಗೇಶನೂ ಜಂಬಣ್ಣನೂ ಒಬ್ಬೊಬ್ಬರಿಗೆ ಫೋನ್ ಮಾಡಿ ಕೇಳಿ ನನಗೆ ಕಳಿಸಿದರು. ಗುರುವಾರ ಚೈನ್ ಮಿಷನ್ನಿಗೆ ಮೊದಲನೆಯವನು ಮರಿಬಸಪ್ಪ, ಎರಡನೆಯದು ಒಂದು ಮಠದ ಗದ್ದೆ, ಮೂರನೆಯವಳು ವಿರೂಪಮ್ಮ, ನಾಲ್ಕನೆಯವಳು ಊರಮ್ಮ. ನಾನು ಮೊದಲ ಹೆಸರು ಹೊಡೆಯಲು ಕೈ ಇಟ್ಟೆ. ಚಿದಾನಂದಪ್ಪನವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಮೊದಲ್ನೇದು ಚಂದ್ರಣ್ಣನ್ನ ಹಾಕು. ಧಣೇರ ಬೀಗರು. ಎಂಟು ಎಕರೆ."

"ಅವರು ಬುಕ್ ಮಾಡಿಲ್ಲ ಸರ್."

"ಪಟ್ಟಿ ಖಾಲಿ ಐತಿಲ್ಲೇನು? ಖಾಲಿ ಪಟ್ಟ್ಯಾಗ ಮೊದಲ್ನೇದಾಂವ ಯಾರು, ಕಡೇದಾಂವ ಯಾರು?"

ಕಂಪೈಲರ್ ಸುಮ್ಮನಿತ್ತು. ಪಟ್ಟಿಗೆ ಬೀಗ ಇತ್ತು, ಬೀಗ ನನ್ನ ಕೈಯಲ್ಲೇ ಇತ್ತು. ಯಾವ ಹೆಸರನ್ನು ಎಲ್ಲಿ ಬರೆದರೂ ಅದರ ಪ್ರಕಾರ ಎಲ್ಲ ಸರಿಯೇ.

"ಈ ಊರಮ್ಮ ಯಾರವ್ವ?" ಚಿದಾನಂದಪ್ಪನವರು ಚೀಟಿಯ ಮೇಲೆ ಬೆರಳಿಟ್ಟರು. "ಎರಡ ಎಕರೆ. ಇಕೀನ ಶುಕ್ರವಾರಕ್ಕ ಹಾಕು. ಇಂಥಾರು ಯಾವಾಗ್ಲೂ ಕಡೀಕ ಅಲ್ಲೇನು, ರೂಢಿ ಆಗಿರ್ತೈತಿ."

"ನಮ್ಮವ್ವ ಸರ್."

ಅವರು ಚೀಟಿಯ ಮೇಲಿನ ಬೆರಳನ್ನು ತೆಗೆದರು. ಆಮೇಲೆ ನನ್ನ ಬೆನ್ನಿಗೆ ಮೆಲ್ಲಗೆ ಗುದ್ದಿದರು, ಎಷ್ಟೋ ವರ್ಷಕ್ಕೆ ಸಿಕ್ಕಿದ ನೆಂಟರಿಗೆ ಗುದ್ದುವ ಹಾಗೆ.

"ಅಯ್ಯ, ಮೊದ್ಲ ಹೇಳಬಾರದೇನವ್ವ! ನಿಮ್ಮವ್ವನ್ನ ಮೊದಲ್ನೇದು ಹಾಕು. ಚಂದ್ರಣ್ಣನ್ನ ಎರಡನೇದು. ನಿನ್ನ ಮಾತೂ ಆತು, ಧಣೇರ ಮಾತೂ ಆತು. ಹಿಂಗ ಅಲ್ಲೇನು ಕೆಲಸ ಆಗೋದು?"

ಅವರ ದನಿಯಲ್ಲಿ ನಿಜವಾದ ಪ್ರೀತಿ ಇತ್ತು, ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಸುಳ್ಳೇಕೆ ಹೇಳಲಿ, ನನ್ನ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಮೊದಲನೆಯದಾದರೆ ಬೆಳಗ್ಗೆ ಹತ್ತಕ್ಕೆ ಅವ್ವನ ಭತ್ತ ಚೀಲಕ್ಕೆ ಬೀಳುತ್ತಿತ್ತು. ಆ ಮೊಳಕೆಯನ್ನು ಇನ್ನೊಮ್ಮೆ ಅವಳ ಕೈಯಲ್ಲಿ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಎದ್ದು ಮೆಟ್ಟಿಲ ಹತ್ತಿರ ಹೋಗಿ ಅವ್ವನಿಗೆ ಫೋನ್ ಮಾಡಿದೆ.

"ಅವ್ವ, ಪಟ್ಟಿ ಮತ್ತ ಬರಿಯಾಕತ್ತೀನಿ. ನಿನ್ನ ಮೊದಲ್ನೇದು ಹಾಕ್ಲೇನು?"

"ಯಾಕ? ನಂದು ನಾಕನೇದು."

"ಮಳಿ ಬರೋದೈತಿ. ಮೊದಲ್ನೇದಾದ್ರ ಮುಂಜಾನೇನ ಮುಗೀತೈತಿ."

"ಮೊದಲ್ನೇದು ಯಾರದು?"

"ಮರಿಬಸಪ್ಪಂದು."

"ಅವ ಬಂದು ಯಾಕಂತ ಕೇಳಿದ್ರ ಏನನ್ಲಿ? ಮಗಳು ಒಳಗದಾಳ ಅನ್ಲೇನು? ಇಷ್ಟು ವರ್ಷ ನಾ ಹೋಗಿ ಕೇಳಿದಾಗೆಲ್ಲ ಅವರು ಅಂದದ್ದು ಇದನ, ಮಾವ ಒಳಗದಾನ, ಅಣ್ಣ ಒಳಗದಾನ. ನಾಕಂದ್ರ ನಾಕ. ನಾಕ್ ಮಂದೀಗೆ ತೋರ್ಸೀನಿ." ಫೋನು ಇಟ್ಟಳು.

ನಾನು ಬಂದು ಕೂತು ಚೀಟಿಯಲ್ಲಿ ಇದ್ದ ಹಾಗೇ ನಾಲ್ಕೂ ಹೆಸರು ಹೊಡೆದೆ. ಚಿದಾನಂದಪ್ಪನವರು "ಏನು ಮಾಡಾಕತ್ತಿ?" ಎನ್ನುವಷ್ಟರಲ್ಲಿ ಪಟ್ಟಿಯನ್ನು ಡಿಸ್ಕಿಗೆ ಇಳಿಸಿ, ನಾಲ್ಕು ಜನಕ್ಕೂ ಅಂಜಿನಪ್ಪನಿಗೂ 'ಪಾಳಿ ಖಾಯಂ' ಎಂದು ಮೆಸೇಜು ಕಳಿಸಿಬಿಟ್ಟಿದ್ದೆ. ಕೆಲಸ ಹೋಯಿತು ಎಂದೇ ಅಂದುಕೊಂಡೆ. ಚಿದಾನಂದಪ್ಪನವರು ಎದ್ದು ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಎಳೆದಿಟ್ಟರು.

"ನಾಳೆ ನೀನ ಸಿರುಗುಪ್ಪಕ್ಕ ಹೋಗಿ ನಿಂತು ಮುಗಿಸ್ಕೊಂಡು ಬಾ," ಎಂದರು. "ಧಣೇರು ಕೇಳಿದ್ರ ನಾ ಊರಾಗಿಲ್ಲ." ಆಮೇಲೆ ಫೋನನ್ನು ಸ್ವಿಚ್ ಆಫ್ ಮಾಡಿ ಊಟಕ್ಕೆ ಹೋದರು.

ಗುರುವಾರ ಪ್ರೋಗ್ರಾಮು ಒಂದು ಸಲವೂ ನಿಲ್ಲಲಿಲ್ಲ. ಮಧ್ಯಾಹ್ನ ದುರ್ಗೇಶನಿಗೆ ಹೇಳಿ ನಾನು ಆಟೋ ಹಿಡಿದು ರಾರಾವಿಗೆ ಹೋದೆ. ಹೊಳೆಯ ಕಡೆಯಿಂದ ಮೋಡ ಕಟ್ಟುತ್ತಿತ್ತು. ಅವ್ವ ಬದುವಿನ ಮೇಲೆ ಖಾಲಿ ಚೀಲಗಳನ್ನು ಜೋಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಕೇರಿಯ ಹದಿನೈದು ಇಪ್ಪತ್ತು ಜನ ಸುಮ್ಮನೆ ನೋಡಲಿಕ್ಕೆಂದು ಬಂದಿದ್ದರು. ಮೂರೂವರೆಗೆ ವಿರೂಪಮ್ಮನ ಗದ್ದೆ ಮುಗಿಸಿ ಚೈನ್ ಮಿಷನ್ನು ಗಡಗಡ ಎನ್ನುತ್ತ ನಮ್ಮ ಬದುವಿನವರೆಗೆ ಬಂತು. ಬಂದು ಅಲ್ಲೇ ನಿಂತಿತು.

ಅಂಜಿನಪ್ಪ ಮೇಲಿಂದ ಇಳಿಯಲಿಲ್ಲ. ಒಂದು ಕೈಯಲ್ಲಿ ಫೋನು ಇತ್ತು.

"ಅಮ್ಮಾ, ಇದರಾಗ ನಾಕನೇದು ಈ ಗದ್ದಿ ಅಂತ ಐತಿ. ಚಂದ್ರಣ್ಣಾರು ನೋಡಿದ್ರ ನಮ್ಮ ಕಡೆ ಬಾ ಅಂತ ಮೂರು ಸಲ ಫೋನ್ ಮಾಡ್ಯಾರ, ಈಗೂ ಲೈನಿನ್ಯಾಗದಾರ. ಧಣೇರ ಫೋನ್ ಹತ್ತವಲ್ದು." ಅವನು ಕೆಟ್ಟವನಲ್ಲ. ಹನ್ನೆರಡು ವರ್ಷದಲ್ಲಿ ಯಾರೂ ಹೇಳದೆ ಒಂದು ಗದ್ದೆಗೂ ಇಳಿದವನಲ್ಲ, ಅಷ್ಟೇ. "ನಿಮ್ಮ ಪರವಾಗಿ ಯಾರು ಹೇಳ್ಯಾರ? ಒಂದು ಹೆಸರು ಹೇಳ್ರಿ ಸಾಕು, ಇಳಿಸಿಬಿಡ್ತೀನಿ."

ನನ್ನ ಬಾಯಿಗೆ ಹೆಸರುಗಳು ಸಾಲಾಗಿ ಬಂದವು. ಚಿದಾನಂದಪ್ಪನವರದು ಬಂತು, ಧಣಿಗಳದೇ ಬಂತು, ಈ ಪ್ರೋಗ್ರಾಮು ಬರೆದವಳು ನಾನೇ ಎಂಬುದೂ ಬಂತು. ಯಾವುದನ್ನು ಹೇಳಿದರೂ ಮಿಷನ್ನು ಇಳಿಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಮಿಷನ್ನಿನ ಹತ್ತಿರ ಹೋಗಿ ತಲೆ ಎತ್ತಿದಳು.

"ಊರಮ್ಮ ಹೇಳ್ಯಾಳ ಅನ್ನು," ಎಂದಳು.

ಅಂಜಿನಪ್ಪನಿಗೆ ಬೇಕಾಗಿದ್ದದ್ದು ಒಂದು ಹೆಸರು, ಅದು ಸಿಕ್ಕಿತು. ಅವನು ಫೋನನ್ನು ಕಿವಿಗೆ ಹಿಡಿದು, ಸ್ವಲ್ಪ ನೆಟ್ಟಗೆ ಕೂತು, ಮರ್ಯಾದೆಯ ದನಿಯಲ್ಲಿ ಹೇಳಿದ: "ಇಲ್ರಿ ಚಂದ್ರಣ್ಣಾರ, ಬರಾಕ ಆಗಂಗಿಲ್ರಿ. ಊರಮ್ಮನೋರು ಹೇಳ್ಯಾರ."

ಆ ಕಡೆಯಿಂದ ಫೋನು ಕಟ್ಟಾಯಿತು. ಯಾವ ಊರಮ್ಮ ಎಂದು ಕೇಳುವ ಧೈರ್ಯ ಧಣಿಗಳ ಬೀಗರಿಗೆ ಬರಲಿಲ್ಲ. ಅಂಜಿನಪ್ಪ ಫೋನು ಕಿಸೆಗೆ ಹಾಕಿಕೊಂಡು, ಮಿಷನ್ನನ್ನು ಅವ್ವನ ಗದ್ದೆಗೆ ಇಳಿಸಿದ.